ಸ್ವರ ತಿಳಿಯದವರು ಕಟ್ಟಿದ ಪೇಟಿ

ಅವರ ಬಲಗೈ ಹೆಬ್ಬೆರಳು ಸುಟ್ಟು ಸುಟ್ಟು ಬದನೆಕಾಯಿಯ ತೊಟ್ಟಿನಂತೆ ಗಡುಸಾಗಿತ್ತು. ಬೆಸುಗೆಯ ಕಡ್ಡಿ ಕಾದಿದೆಯೋ ಇಲ್ಲವೋ ಎಂದು ಆ ಬೆರಳಿನಿಂದಲೇ ನೋಡುತ್ತಿದ್ದರು. ಬ್ಯಾಟರಿಯಲ್ಲಿ ಜೀವವಿದೆಯೇ ಎಂದು ನಾಲಿಗೆ ಹಚ್ಚಿ ನೋಡುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ, ಜೇವರ್ಗಿ ಸೀಮೆಯ ಹೈಸ್ಕೂಲೊಂದರಲ್ಲಿ ಅವರು ವಿಜ್ಞಾನದ ಮಾಸ್ತರರು, ನಾನು ಸಂಗೀತದ ಮಾಸ್ತರ. ಸದಾ ಹಾರ್ಮೋನಿಯಂ ಹೊತ್ತು ತಿರುಗುತ್ತೇನೆಂದು ನನಗೆ ‘ಪೇಟಿ ಮಾಸ್ತರ’ ಎಂದು ಹೆಸರಿಟ್ಟವರು ಅವರೇ.

ಒಂದು ದಿನ ಹಳೆಯ ರೇಡಿಯೊ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಕೆಳಗೆ ಏಳು ಸ್ವರಕ್ಕೆ ಏಳು ಗುಂಡಿ, ಮೇಲೆ ಸಾಲಾಗಿ ಎಂಟು ತಿರುಗಣೆ.

“ಇದೇನ್ರಿ, ಸೋಡಾ ತುಂಬೋ ಮಷೀನೇನು?” ಎಂದೆ.

“ಹುಡುಗರಿಗೆ ದನಿ ಹ್ಯಾಂಗ ಹುಟ್ತದ ಅಂತ ತೋರಸಾಕ ಮಾಡೇನ್ರಿ. ದನಿ ಅಂದ್ರ ನೀರಿನಾಗ ಏಳೋವಂಥ ಒಂದು ಅಲಿ ಅಲ್ಲೇನು? ಅದನ್ನ ಎಂಟು ಮೆಟ್ಟಲ ಮಾಡೇನಿ. ಒಂದೊಂದು ತಿರುಗಣಿಗೆ ಒಂದೊಂದು ಮೆಟ್ಟಲದ ಎತ್ತರ. ಒಳಗಿನ ಚಿಪ್ ಒಂದರಿಂದ ಎಂಟು ಎಣಸ್ಕೋತ ಓಡ್ತದ.”

ಕರಿಹಲಗೆಯ ಮೇಲೆ ಮೆಟ್ಟಿಲು ಬರೆದು, ಅದರಂತೆ ತಿರುಗಣೆ ತಿರುಗಿಸಿದರು. ಮೆಟ್ಟಿಲು ಮೆಲ್ಲಗೆ ಏರಿಳಿದರೆ ಕೊಳಲಿನ ಮೆತ್ತನೆ, ಒಮ್ಮೆಲೇ ಜಿಗಿದರೆ ಶಹನಾಯಿಯ ಹರಿತ. ಯಪ್ಪಾ! ನನ್ನ ಮೈ ಜುಮ್ಮೆಂದಿತು. ಹದಿನೈದು ವರ್ಷ ನುಡಿಸಿದ ನಾದಕ್ಕೆ ಒಂದು ಆಕಾರವಿದೆಯೆಂದು ನಾನು ಕಂಡದ್ದು ಅಂದೇ.

ಇನ್ನೂ ದೊಡ್ಡ ಸೋಜಿಗವೆಂದರೆ, ಅದನ್ನು ಕಟ್ಟಿದವರಿಗೆ ಸ್ವರವೇ ತಿಳಿಯುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಅವರು ಬಾಯಿ ತೆರೆದರೆ ಮಕ್ಕಳು ತುಟಿ ಕಚ್ಚಿ ನಗು ತಡೆಯುತ್ತಿದ್ದರು.

“ಸಾ ಯಾವದು, ಪಾ ಯಾವದು, ನನಗ ಎಲ್ಲಾ ಒಂದೇ. ತಾಲೂಕು ಪ್ರದರ್ಶನಕ್ಕ ಒಯ್ಯಬೇಕು. ನಿಮ್ಮ ಕಿವಿ ಕೊಡ್ರಿ,” ಎಂದರು.

ಒಂದೊಂದು ಗುಂಡಿಯ ಸ್ವರ ಏರಿಸಿ ಇಳಿಸುವ ತಿರುಪು ತಿರುಗಿಸುತ್ತ, ನನ್ನ ಪೇಟಿಗೆ ಹೊಂದಿತೇ ಎಂದು ಕೇಳಿದರು. ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಇಂಥ ಡಬ್ಬಿ ಬಂದ ಮೇಲೆ ಈ ಪೇಟಿ ಮಾಸ್ತರನನ್ನು ಕೇಳುವವರಾರು? ಗಾಂಧಾರ ಇಳಿದಿತ್ತು, ನಿಷಾದ ಏರಿತ್ತು. “ಬರೋಬ್ಬರಿ ಅದ,” ಎಂದುಬಿಟ್ಟೆ. ನಂಬಿ, ತಿರುಪುಗಳು ಅಲುಗದಂತೆ ಅರಗು ಹಾಕಿದರು.

ಪ್ರದರ್ಶನದಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳು ಅದರಲ್ಲಿ ಪ್ರಾರ್ಥನೆ ನುಡಿಸಿದಳು. ಸಭೆ ಗೊಳ್ಳೆಂದಿತು. “ಬೇಸೂರ ಆಗ್ಯದ್ರೀ ಮಾಸ್ತರ!” ಎಂದು ಯಾರೋ ಕೂಗಿದರು. ಅವರು ಹುಡುಗಿಯ ಮುಖ ನೋಡಿದರು, ಆಮೇಲೆ ನನ್ನ ಮುಖ. ನಾನು ನೆಲ ನೋಡಿದೆ.

“ಕಿವಿ ಇಲ್ಲದಾಂವ ನಾನ್ರಿ, ತಪ್ಪು ನಂದು,” ಎಂದು ಸಭೆಗೆ ಹೇಳಿ, ಹೆಬ್ಬೆರಳಿನ ಉಗುರಿನಿಂದಲೇ ಅರಗು ಕಿತ್ತು, ತಿರುಪುಳಿಯನ್ನು ಹುಡುಗಿಯ ಕೈಗಿತ್ತರು. “ನೀನೇ ಕೂಡಸವ್ವ. ಎಲ್ಲಿ ಹೊಂದತದ, ಅಲ್ಲೇ ನಿಲ್ಲಸು.”

ಅವಳು ಹಾಡಿಕೊಳ್ಳುತ್ತ ತಿರುಗಿಸಿದಳು. ಗಾಂಧಾರ ಕೂಡಿದ್ದೇ ತಡ, ಇಡೀ ಸಭೆ “ಹಾಂ!” ಎಂದಿತು. ಸ್ವರ ಕೂಡಿದ್ದು ಅವರಿಗೆ ತಿಳಿಯಲಿಲ್ಲ; ಜನರ ಆ “ಹಾಂ” ಕೇಳಿ ಕೂಸಿನ ಹಾಗೆ ನಕ್ಕರು.

ತಿರುಗಿ ಬರುವಾಗ ಬಸ್ಸಿನಲ್ಲಿ ತಡೆಯಲಾಗಲಿಲ್ಲ. “ನಾ ಬೇಕಂತ್ಲೇ ಸುಳ್ಳು ಹೇಳಿದ್ನ್ರಿ,” ಎಂದೆ.

“ಗೊತ್ತದ್ರಿ. ನಿಮ್ಮ ಕಿವಿ ತಪ್ಪಂಗಿಲ್ಲ.” ಅಷ್ಟೇ. ಮರುದಿನ ಅದೇ ಡಬ್ಬಿ ತಂದು ನನ್ನೆದುರಿಗೇ ಕುಳಿತರು. “ಹುಡುಗಿ ಗಾಂಧಾರ ಒಂದೇ ಕೂಡಸ್ಯಾಳ. ಉಳಿದ ಸ್ವರ ಈಗ ಹೇಳ್ರಿ.”

ತೊಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅವರ ಮನೆಯವರು ಡಬ್ಬಿಯನ್ನು ನನಗೇ ಕೊಟ್ಟರು. ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿತ್ತು: ‘ಲೆಕ್ಕ ನನ್ನದು, ಕಿವಿ ಪೇಟಿ ಮಾಸ್ತರರದು.’ ಕೆಳಗಿದ್ದ ತಾರೀಖು, ನಾನು ತಪ್ಪೊಪ್ಪಿಕೊಂಡ ಮರುದಿನದ್ದು.

ಇಂದಿಗೂ ಶಿಷ್ಯರು “ಸ್ವರ ಕೂಡಿತೇನ್ರಿ?” ಎಂದು ಕೇಳಿದಾಗ ಎರಡೆರಡು ಸಲ ಕೇಳಿಸಿಕೊಳ್ಳುತ್ತೇನೆ. ಸುಳ್ಳು ‘ಬರೋಬ್ಬರಿ’ ಮತ್ತೆ ನನ್ನ ಬಾಯಿಂದ ಹೊರಟಿಲ್ಲ.