ಸೂರು ಹಿಡಿಯೋರ ಟ್ಯಾಂಗೋ

ನಮ್ಮ ಮನಿಯವ್ರನ್ನ ಯಾರಾದ್ರೂ ‘ನೀವೇನು ಬಾರಸ್ತೀರಿ?’ ಅಂತ ಕೇಳಿದ್ರ ನನಗ ಮೈಯೆಲ್ಲಾ ಉರೀತಿತ್ತು. ಇವ್ರು ಇದ್ದದ್ದು ಇದ್ದಂಗ ‘ಸೂರು ಹಿಡೀತೀನ್ರಿ’ ಅಂತಿದ್ರು. ಕೇಳಿದವ್ರು ‘ಹೌದಾ’ ಅಂದು, ಬಾಜೂಕ ನಿಂತಿದ್ದ ಇವ್ರ ಅಣ್ಣನ ಕಡಿ ತಿರುಗಿಬಿಡ್ತಿದ್ರು. ಆಮ್ಯಾಲ ಮಾತುಕತಿ ಎಲ್ಲಾ ಆ ಕಡಿಗೇ.

ಸನಾದಿ ಮೇಳದಾಗ ಒಬ್ರು ಹಾಡು ನುಡಸ್ತಾರ. ಅವ್ರ ಮಗ್ಗಲಕ ಇನ್ನೊಬ್ರು ಅಂಥದೇ ಸನಾದಿ ಹಿಡಕೊಂಡು ಬರೇ ಒಂದು ಸ್ವರ ಊದ್ತಾ ನಿಂದ್ರತಾರ. ಅದಕ್ಕ ಸೂರು ಅಂತಾರ. ಸೂರಿನ ಸನಾದಿಯ ತೂತೆಲ್ಲಾ ಮೇಣ ಮೆತ್ತಿ ಮುಚ್ಚಿರ್ತಾರ, ಬೆರಳು ಆಡಸೋ ಕೆಲಸಾನ ಇಲ್ಲ. ಹಾಡು ನುಡಸೋರು ನಡುನಡುವ ನಿಲ್ಲಿಸಿ ಬೆವರು ಒರಸ್ಕೋಬಹುದು, ಎಲಿ-ಅಡಿಕಿ ಹಾಕ್ಕೋಬಹುದು. ಸೂರಿನವ್ರಿಗಿ ಅದಿಲ್ಲ. ಮೂಗಿನಾಗ ಉಸಿರು ಎಳಕೊಂತ, ಪೂರಿ ಉಬ್ಬಿದಂಗ ಗಲ್ಲ ಉಬ್ಬಿಸಿ, ಬಾಯಾಗಿಂದ ಬಿಡ್ತಾನ ಇರಬೇಕು. ಮದುವಿ ಮನ್ಯಾಗ ವಾದ್ಯ ಬಿಟ್ಟು ಬಿಟ್ಟು ಕೇಳಿದ್ರ ಹಿರ್ಯಾರು ಬೈತಾರ, ಅದು ಅಪಶಕುನ ಅಂತ. ನಮ್ಮ ಕೊಟ್ಟೂರಿನ ಮನ್ಯಾಗ ಅಣ್ಣ ಹಾಡು, ತಮ್ಮ ಸೂರು. ನಮ್ಮ ಮಾವಾರು ಇದ್ದಾಗ ಹಂಚಿಕೊಟ್ಟಿದ್ದು ಹಂಗ ನಡಕೊಂತ ಬಂದಿತ್ತು.

ನನಗ ಸಿಟ್ಟು ಬರಾಕ ಇನ್ನೊಂದು ಕಾರಣ ನಮ್ಮಪ್ಪ. ಅಪ್ಪ ನೀಲಗುಂದದಾತ. ಹರಪನಹಳ್ಳಿ ಕಡಿ ದೊಡ್ಡ ಮದುವಿ ಅಂದ್ರ ಅಪ್ಪನ ಸನಾದಿ ಇರಬೇಕು, ಅಂಥಾ ಹೆಸರು. ಮೇಳದ ಮನಿ, ಚೊಲೋ ಸಂಬಂಧ ಅಂತ ಹಿಗ್ಗಿ ನನ್ನ ಕೊಟ್ಟಿದ್ದ. ಅಳಿಯ ಹಾಡು ನುಡಸೋದಿಲ್ಲ ಅನ್ನೋದು ಲಗ್ನ ಆದ ಮ್ಯಾಲ ಗೊತ್ತಾತು. ಅವತ್ತಿನಿಂದ ಮನಿಗಿ ಯಾರೇ ಬರಲಿ, ‘ಮಗಳನ್ನ ಸೂರಿಗಿ ಕೊಟ್ಟೀನ್ರಪಾ’ ಅಂತ ನಗೋದು. ಎದುರಿಗಿ ಕುಂತ ಇವ್ರೂ ನಗೋರು! ನಾ ನಗ್ತಿರಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಇವ್ರು ಊದಿದ್ದನ್ನ ನಮ್ಮಪ್ಪ ಕಿವಿಗೊಟ್ಟು ಕೇಳಬೇಕು, ಕೇಳಿ ಒಂದು ಮಾತು ಚೊಲೋದು ಅನಬೇಕು. ನನಗ ಬಂಗಾರ ಬ್ಯಾಡಾಗಿತ್ತು, ರೇಶ್ಮಿ ಸೀರಿ ಬ್ಯಾಡಾಗಿತ್ತು, ಇದೊಂದು ಬೇಕಾಗಿತ್ತು.

ಆವಾಗಿನ್ನೂ ಕ್ಯಾಸೆಟ್ಟಿನ ಕಾಲ. ನನ್ನ ತಮ್ಮ ಕೂಡ್ಲಿಗಿ, ಕಾನಹೊಸಹಳ್ಳಿ, ಹೊಸಪೇಟಿ ಅಂತ ಟ್ರ್ಯಾಕ್ಸ್ ಓಡಿಸ್ತಿದ್ದ. ಹಂಪಿಗಿ ಬಂದ ಯಾರೋ ಫಾರಿನ್ನಿನಾತ ಊರಿಗಿ ಹೊಳ್ಳಿ ಹೋಗುವಾಗ ಒಂದು ಟೇಪ್ ರೆಕಾರ್ಡರ್ ಮಾರಿದ್ನಂತ. ಅದನ್ನ ತಂದು ನಮ್ಮ ಮನ್ಯಾಗ ಇಟ್ಟ. ಒಳಗ ಒಂದು ಕ್ಯಾಸೆಟ್ಟು ಹಂಗೇ ಉಳಿದಿತ್ತು. ಅದರ ಡಬ್ಬಿ ಮ್ಯಾಲ ನಾಕು ಮಂದಿ ಕೋಟು ಹಾಕ್ಕೊಂಡು, ಆಳೆತ್ತರದ ಕಟಿಗಿ ಕೊಳವಿ ತಬ್ಬಿಕೊಂಡು ನಿಂತಿದ್ರು.

ಗುಂಡಿ ಒತ್ತಿದ್ವಿ. ಅಯ್ಯ ಶಿವನ, ಅದೇನು ದನಿ! ನೆಲದೊಳಗಿಂದ ಎದ್ದು ಬಂದಂಗ, ದಪ್ಪನ್ನ ದನಿ. ‘ಎಮ್ಮಿಗಿ ಹಾಡು ಕಲಿಸ್ಯಾರೇನಲೇ?’ ಅಂದೆ ತಮ್ಮಗ. ಮಗ್ಗಲ ಮನಿ ಅಜ್ಜಿ ಕೌದಿ ಹೊಲಿಯೋದು ಬಿಟ್ಟು ಎದ್ದು ಬಂದ್ಲು. ಎಮ್ಮಿ ಒಂದಲ್ಲ, ನಾಕು. ಒಂದು ನಡದ್ರ ಇನ್ನೊಂದು ಹಿಂದ ಬರೋದು, ಮೂರನೇದು ಅಡ್ಡ ಬರೋದು, ಎಲ್ಲಾ ಕೂಡಿ ಠೀವಿಲೆ ನಡಕೊಂತ ಹೋಗಿ ಗಕ್ಕನ ನಿಂತುಬಿಡೋದು. ಒಂದು ಗಳಿಗಿ ಏನೂ ಇಲ್ಲ. ಆಮ್ಯಾಲ ಮತ್ತ ಸರಕ್ಕನ ತಿರುಗಿ ಹೊಂಟಬಿಡೋದು. ‘ಹೊಸಾ ಸೊಸಿ ಅಡಗಿ ಮನಿಯಿಂದ ಹೊರಗ ಬಂದು, ಕಟ್ಟಿ ಮ್ಯಾಲ ಮಾವ ಕುಂತದ್ದು ನೋಡಿ ನಿಂದ್ರತಾಳ ನೋಡು, ಹಂಗೈತಿ’ ಅಂದ್ಲು ಅಜ್ಜಿ. ಅಲ್ಲಿದ್ದೋರೆಲ್ಲಾ ಬಿದ್ದು ಬಿದ್ದು ನಕ್ಕಿವಿ. ನಗೋದು ಮುಗಿದ ಮ್ಯಾಲ ಮತ್ತೊಮ್ಮೆ ಹಾಕಿಸ್ಕೊಂಡು ಕೇಳಿದ್ವಿ.

ಅದು ನಮ್ಮ ಓಣಿಗೇ ಹುಚ್ಚು ಹಿಡಿಸ್ತು. ಎದುರು ಮನಿ ಟೇಲರ್ ಅದು ನಿಂತಲ್ಲಿ ಮಶೀನ್ ನಿಲ್ಲಿಸಿ, ಅದು ಹೊಂಟಲ್ಲಿ ತುಳೀತಿದ್ದ. ಕುರಿ ಮಾರಿ ಸಂತಿಯಿಂದ ಹೊಳ್ಳಿ ಹೊಂಟೋರು ಕಂಬಳಿ ಹೆಗಲ ಮ್ಯಾಲ ಹಾಕ್ಕೊಂಡು ನಮ್ಮ ಬಾಗಲದಾಗ ನಿಂತು ಕೇಳಿ ಹೋಗೋರು. ‘ಯಕ್ಕಾ, ಆ ಎಮ್ಮಿ ಹಾಡು ಹಾಕಬೇ’ ಅನ್ನೋರು. ಕರೆಂಟು ಇಲ್ದಾಗ ಬಂದೋರು ಬೇಜಾರು ಮಾಡ್ಕೊಂಡು ಹೋಗೋರು.

ಡಬ್ಬಿ ಮ್ಯಾಲಿನ ಇಂಗ್ಲೀಷು ನನಗ ಪೂರ್ತಿ ತಿಳೀಲಿಲ್ಲ. ನಮ್ಮ ಓಣಿಯಾಗಿದ್ದ ಕಾಲೇಜು ಮೇಷ್ಟ್ರಿಗಿ ತೋರಿಸಿದೆ. ಅವ್ರು ಓದಿ ಹೇಳಿದ್ರು: ಈ ಕೊಳವಿಗಿ ಬಸೂನ್ ಅಂತ ಹೆಸರು. ನಮ್ಮ ಸನಾದಿಯಂಗ ಎರಡು ಎಲಿ ಕೂಡಿಸಿದ ಪೀಪಿನ ಬಾಯಾಗಿಟ್ಟು ಊದೋದು. ಫಾರಿನ್ನಿನವ್ರ ದೊಡ್ಡ ಮೇಳದಾಗ ಇದನ್ನ ಊದೋರನ್ನ ಹಿಂದ ಕುಂದ್ರಸ್ತಾರ, ಮುಂದಿನವ್ರ ಹಾಡಿಗಿ ತಳಕ್ಕ ಇವ್ರ ದನಿ ಬೇಕು. ಇಲ್ಲಿ ಹಿಂದಿನವ್ರು ನಾಕು ಮಂದಿ ಕೂಡಿ ತಾವೇ ಒಂದು ಹಾಡು ನುಡಿಸ್ಯಾರ. ಅದಕ್ಕ ಟ್ಯಾಂಗೋ ಅಂತಾರ, ಗಂಡು-ಹೆಣ್ಣು ಕೈ ಹಿಡಕೊಂಡು ಕುಣಿಯೋ ಕುಣಿತದ ಹಾಡು.

ನಾ ಮನಿಗಿ ಬಂದು ಇದನ್ನ ಹಂಗೇ ಹೇಳಿದೆ. ಇವ್ರು ತಾಟಿನ ಮುಂದ ರೊಟ್ಟಿ ಮುರಕೊಂತ ಕುಂತಿದ್ರು. ‘ಅಂದ್ರ ನಾಕೂ ಮಂದಿ ಸೂರಿನವ್ರೇ?’ ಅಂತ ಕೇಳಿದ್ರು. ‘ಹಂಗೇ ಅಂತ ತಿಳೀರಿ’ ಅಂದೆ. ರೊಟ್ಟಿ ಅಲ್ಲೇ ಬಿಟ್ಟು, ಕೈ ತೊಳಕೊಂಡು, ಟೇಪಿನ ಮುಂದ ಹೋಗಿ ಕುಂತ್ರು. ಮತ್ತ ಮತ್ತ ಹಾಕಿ ಕೇಳಿದ್ರು. ಆಮ್ಯಾಲ ಬಂದು, ‘ಒಂದು ತಲಿ ಪಿನ್ನು ಕೊಡು’ ಅಂದ್ರು. ಯಾಕ್ರಿ ಅಂದ್ರ ಹೇಳವಲ್ರು. ಕೊಟ್ಟೆ. ಕಟ್ಟಿ ಮ್ಯಾಲ ಕುಂತು, ಆ ಪಿನ್ನಿನಿಂದ ತಮ್ಮ ಸನಾದಿ ತೂತಿನ ಮೇಣ ಕೆತ್ತಿ ಕೆತ್ತಿ ತೆಗೆಯಾಕ ಹತ್ತಿದ್ರು. ಮೇಣ ಕರ್ರಗಾಗಿ ಕಲ್ಲಾಗಿತ್ತು. ನನಗ ಅಳು ಬಂತೋ ನಗು ಬಂತೋ ತಿಳೀಲಿಲ್ಲ. ಒಳಗ ಹೋಗಿ ಚಾ ಇಟ್ಟೆ.

ಇವ್ರ ಕಸುಬಿನ ಗೆಳೆಯಾರು ಮೂವರು. ಒಬ್ರು ಹಗರಿಬೊಮ್ಮನಹಳ್ಳಿಯವ್ರು, ಒಬ್ರು ಹಡಗಲಿಯವ್ರು, ಒಬ್ರು ಕೂಡ್ಲಿಗಿಯವ್ರು. ಮೂವರೂ ತಮ್ಮ ತಮ್ಮ ಮೇಳದಾಗ ಸೂರು ಹಿಡಿಯೋರೇ. ಆಷಾಢದಾಗ ಮದುವಿ ಇರಂಗಿಲ್ಲ, ಎಲ್ಲಾರೂ ಖಾಲಿ. ಇವ್ರು ಹೇಳಿ ಕಳಿಸಿದ್ರು, ಅವ್ರು ಸನಾದಿ ಚೀಲದಾಗ ಹಾಕ್ಕೊಂಡು ಬಸ್ಸು ಹತ್ತಿ ಬಂದುಬಿಟ್ರು. ನನ್ನ ತಲಿ ಪಿನ್ನೆಲ್ಲಾ ಮೇಣ ಕೆತ್ತಾಕ ಹೋದವು. ಸಣ್ಣವರಿದ್ದಾಗ ಎಲ್ಲಾರೂ ಬೆರಳು ಆಡಸೋದು ಕಲಿತೋರೇ, ಆದ್ರ ಬೆರಳು ಮರಗಟ್ಟಿದ್ವು. ಸನಾದಿಯಾಗ ಬಸೂನಿನಷ್ಟು ದಪ್ಪ ದನಿ ಬರಂಗಿಲ್ಲ. ಅದಕ್ಕ ತಳದ ಸ್ವರದಾಗೇ ಮೆಲ್ಲಕ ಹುಡುಕ್ಯಾಡಿದ್ರು. ಹಾಡಿನ ಒಂದೊಂದು ಎಳಿ ಸಿಕ್ಕಂಗೆಲ್ಲಾ ಹುಡುಗರಂಗ ಕೇಕಿ ಹಾಕೋರು. ಅಂತೂ ಸಿಗ್ತು.

ಸಿಗಲಾರದ್ದು ಒಂದೇ, ನಿಲ್ಲಿಸೋದು. ಹಾಡು ಗಕ್ಕನ ನಿಂದ್ರಬೇಕಲ್ಲ, ಅಲ್ಲಿ ಇವ್ರು ನಿಲ್ಲವಲ್ರು! ಒಬ್ರು ನಿಲ್ಲಿಸಿದ್ರ ಇನ್ನೊಬ್ರ ಸನಾದಿ ‘ಪೇಂ’ ಅಂತ ಎಳಕೊಂಡು ಹೋಗೋದು. ಉಸಿರು ಮುರೀಬಾರದು ಅಂತ ಜೀವನಪೂರ್ತಿ ರೂಢಿಯಾದ ಮಂದಿ. ‘ಏನ್ ಮಾಡೋದು ತಂಗೆವ್ವಾ, ತಾನೇ ಬರತೈತಿ’ ಅಂದ್ರು ಹಡಗಲಿಯವ್ರು, ಗಲ್ಲ ಒತ್ತಿಕೊಂತ.

ನನಗೆಲ್ಲಿ ತಾಳ್ಮಿ? ರೊಟ್ಟಿ ಬಡಿಯೋಳು ಎದ್ದು ಬಂದು, ಸ್ಟೀಲ್ ತಾಟಿಗಿ ಸೌಟಿಲೆ ಫಣ್ ಅಂತ ಹೊಡೆದು ‘ಸಾಕು!’ ಅಂತ ಒದರಿದೆ. ನಾಕೂ ಮಂದಿ ಹೆದರಿ ನಿಂತುಬಿಟ್ರು. ಒಬ್ಬರಿಗೊಬ್ರು ಮುಖ ನೋಡಿಕೊಂಡ್ರು. ‘ಹಾಂ, ಹಿಂಗ!’ ಅಂದ್ರು ಇವ್ರು. ಅವತ್ತಿನಿಂದ ಅದೇ ನನ್ನ ಉದ್ಯೋಗ. ಹಾಡು ನಿಂದ್ರೋ ಜಾಗಾ ಬಂತಂದ್ರ ಫಣ್, ‘ಸಾಕು!’ ಈ ಬಾಯಿಬಡಕಿನ್ನ ಕಟ್ಟಿಕೊಂಡಿದ್ದಕ್ಕ ಇಷ್ಟು ದಿನದ ಮ್ಯಾಲ ಒಂದು ಉಪಯೋಗ ಆತು ಅಂತ ಇವ್ರು ಚಾಷ್ಟಿ ಮಾಡಿದ್ರು. ಆಷಾಢ ಮುಗಿಯೋದ್ರಾಗ ನನ್ನ ತಾಟು ಸೊಟ್ಟಾತು, ಅವ್ರಿಗಿ ನಿಂದ್ರೋದು ಬಂತು.

ಅದೇ ವರ್ಷ ನನ್ನ ತಂಗಿ ಮದುವಿ ಗೊತ್ತಾತು, ನೀಲಗುಂದದಾಗೇ. ನಾ ಮುಂಚಿತ ಹೋಗಿ ಅಪ್ಪಗ ಹೇಳಿದೆ, ನಿನ್ನ ಅಳಿಯ, ಅವ್ರ ಗೆಳೆಯಾರು ಕೂಡಿ ಹಂದರದಾಗ ಒಂದು ಹಾಡು ನುಡಸ್ತಾರ ಅಂತ.

‘ಸೂರಿನವ್ರೇನು ನುಡಸ್ತಾರಬೇ?’ ಅಂದ ಅಪ್ಪ.

‘ಟ್ಯಾಂಗೋ’ ಅಂದೆ.

ಹಾಡು ನಡುನಡುವ ನಿಂದ್ರತೈತಿ ಅಂತ ತಿಳಿದಾಗಂತೂ ಅಪ್ಪ ಎದ್ದೇ ನಿಂತ. ‘ಮದುವಿ ಹಂದರದಾಗ ವಾದ್ಯ ನಿಲ್ಲಿಸ್ತಾರ? ಈ ಮನ್ಯಾಗ ಅದಾಗಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ.’

‘ಹಂಗಾರ ನಾನೂ ಬರಂಗಿಲ್ಲ. ಹಿರೇಮಗಳು ಯಾಕ ಬಂದಿಲ್ಲ ಅಂತ ಬೀಗರು ಕೇಳಿದ್ರ, ಸೂರಿಗಿ ಕೊಟ್ಟಿದ್ನಿ ಅದಕ್ಕ ಬಂದಿಲ್ಲ ಅಂತ ಹೇಳು’ ಅಂದು ಚೀಲ ಎತ್ತಿಕೊಂಡೆ. ಅಪ್ಪಂದೂ ನನ್ನಂಥದೇ ಸಿಟ್ಟು, ಆದ್ರ ನಂದು ಒಂದು ಕೈ ಮ್ಯಾಲ. ಊರ ಅಗಸಿ ದಾಟೋದ್ರಾಗ ಹಿಂದ ಬಂದು ಚೀಲ ಕಸಕೊಂಡ. ಅಕ್ಕಿಕಾಳು ಬಿದ್ದು, ಊಟ ಮುಗಿದು, ಮಂದಿ ಎಲಿ-ಅಡಿಕಿ ಹಾಕ್ಕೊಳ್ಳುವಾಗ ನುಡಸ್ರಿ ಅಂತ ಒಪ್ಪಂದ ಆತು.

ಮದುವಿ ದಿನ ಮಧ್ಯಾಹ್ನ. ಹಂದರದ ತುಂಬಾ ಮಂದಿ. ಊಟಾಗಿ ಕಣ್ಣು ಎಳೆಯೋ ಹೊತ್ತು. ನಾಕು ಮಂದಿ ಎದ್ದು ಬಂದು ಸಾಲಾಗಿ ನಿಂತ್ರು. ‘ಹಾಡು ನುಡಸೋರು ಎಲ್ಲಿ?’ ಅಂತ ಯಾರೋ ಕೇಳಿದ್ದು ನನ್ನ ಕಿವಿಗಿ ಬಿತ್ತು. ನಮ್ಮ ಭಾವಾರು, ಇವ್ರ ಅಣ್ಣ, ಮೀಸಿಯಾಗ ನಗಕೊಂತ ಮುಂದಿನ ಸಾಲಿನಾಗ ಕುಂತಿದ್ರು. ಅಪ್ಪ ದೂರ ಕಂಬಕ್ಕ ಆನಿಕೊಂಡು ನಿಂತು, ಬೇಕಂತಲೇ ಆ ಕಡಿ ಮುಖ ಮಾಡಿದ್ದ.

ಹಾಡು ಶುರುವಾತು. ತಳದಿಂದ, ಮೆಲ್ಲಕ, ಠೀವಿಲೆ ಹೊಂಟಿತು. ಅಡಿಕಿ ಕತ್ತರಸೋರ ಕೈ ತಡದ್ವು. ಅಷ್ಟರಾಗ ಗಕ್ಕನ ನಿಂತಿತು. ‘ಅಯ್ಯಯ್ಯ, ವಾದ್ಯ ಯಾಕ ನಿಲ್ಲಿಸಿದ್ರಿ!’ ಅಂತ ಒಬ್ಬ ಮುದುಕಿ ಕೂಗಿದ್ಲು. ಕೂಗಿ ಮುಗಿಯೋದ್ರಾಗ ಹಾಡು ಸರಕ್ಕನ ತಿರುಗಿ ಹೊಂಟಿತ್ತು. ಮಂದಿ ‘ಓಹೋ’ ಅಂದ್ರು. ಎರಡನೇ ಸಲ ನಿಂತಾಗ ಯಾರೂ ಕೂಗಲಿಲ್ಲ, ಎಲ್ಲಾರೂ ಕತ್ತು ಮುಂದ ಚಾಚಿದ್ರು. ಮುಂದ ನಿಂತಲ್ಲೆಲ್ಲಾ ಹಂದರಕ್ಕ ಹಂದರ ಉಸಿರು ಹಿಡಿಯೋದು, ಹಾಡು ಹೊಂಟಲ್ಲಿ ಚಪ್ಪಾಳಿ! ಉಚ್ಚಂಗಿದುರ್ಗದಿಂದ ಬಂದಿದ್ದ ಬೀಗರ ಕಡಿ ಹಿರ್ಯಾರೊಬ್ರು ತಲಿ ಮ್ಯಾಲಿನ ರುಮಾಲು ಕೈಯಾಗ ಹಿಡಕೊಂಡು ಬೀಸಾಕ ಹತ್ತಿದ್ರು. ಮದುಮಗಳು, ನನ್ನ ತಂಗಿ, ಬಾಸಿಂಗ ಜಾರಿದ್ದೂ ಖಬರಿಲ್ದ ಕಾಲು ಕುಣಸ್ತಿದ್ಲು. ಇವ್ರ ಬೆರಳು ನೋಡಿದೆ, ಮರಗಟ್ಟಿದ್ದ ಬೆರಳೆಲ್ಲಾ ಆಡ್ತಿದ್ವು. ಭಾವಾರ ನಗು ಎಲ್ಲೋ ಹೋಗಿ, ಬಾಯಿ ತೆರಕೊಂಡು ಕುಂತಿದ್ರು.

ಹಾಡು ಮುಗೀತು. ‘ಒನ್ಸ್ ಮೋರ್! ಒನ್ಸ್ ಮೋರ್!’ ಹಂದರ ಹಾರಿ ಹೋಗೋ ಹಂಗ ಒದರಿದ್ರು. ನಾ ಕಂಬದ ಕಡಿ ನೋಡಿದೆ. ಅಲ್ಲಿ ಅಪ್ಪ ಇರಲಿಲ್ಲ. ಎದ್ದು ಹೋದ, ಮುಗೀತು ಇನ್ನ ಅಂದ್ಕೊಂಡೆ.

ಅಪ್ಪ ಹಂದರದ ಮೂಲಿಯಾಗಿದ್ದ. ಅಲ್ಲಿ ತನ್ನ ಮೇಳದ ಸೂರಿನಾತನ ಕೈಯಾಗಿಂದ ಸನಾದಿ ಇಸಗೊಂಡು, ಧೋತರದ ಚುಂಗಿಲೆ ಪೀಪಿ ಒರಸ್ಕೊಂಡು, ಮಂದಿ ನಡುವ ದಾರಿ ಮಾಡಿಕೊಂತ ಬಂದ. ಬಂದು ಅಳಿಯನ ಎಡಕ್ಕ, ಒಂದು ಹೆಜ್ಜಿ ಹಿಂದ ನಿಂತ. ಸೂರಿನವ್ರು ನಿಂದ್ರೋ ಜಾಗಾ ಅದು.

‘ನಡೀಲ್ರಿ ಅಳಿಯಂದ್ರ. ನಾ ಸೂರು ಹಿಡೀತೀನಿ’ ಅಂದ.

ಮಂದಿ ಎದ್ದು ನಿಂತು ನೋಡಿದ್ರು. ಆ ಸೀಮಿಯಾಗ ಅಪ್ಪ ಸೂರು ಹಿಡಿದದ್ದು ಯಾರೂ ಕಂಡಿರಲಿಲ್ಲ. ಇವ್ರ ಕಣ್ಣಾಗ ನೀರು ತುಂಬಿತ್ತು, ನನಗಂತೂ ಏನೂ ಕಾಣವಲ್ದು. ಅಪ್ಪ ಸೂರು ಹಿಡಿದ, ಅದರ ಮ್ಯಾಲ ಮತ್ತ ಹಾಡು ಹೊಂಟಿತು. ಹಾಡು ಗಕ್ಕನ ನಿಂತಾಗ ಅಪ್ಪಂದು ಮಾತ್ರ ‘ಪೇಂ’ ಅಂತ ಉಳೀತು. ಮಂದಿ ಘೊಳ್ಳನ ನಕ್ರು. ಇವ್ರು ಮಾತ್ರ ನಗಲಿಲ್ಲ, ಹಿಂದಕ್ಕ ತಿರುಗಿ ‘ಹಿಡೀರಿ, ಬಿಡಬ್ಯಾಡ್ರಿ’ ಅಂತ ಕಣ್ಣಿಲೇ ಸನ್ನಿ ಮಾಡಿದ್ರು. ಅಪ್ಪ ಗಲ್ಲ ಉಬ್ಬಿಸಿ ಹಿಡಿದ, ಮುಖ ಕೆಂಪಾತು, ಕುತ್ತಿಗಿ ನರ ಎದ್ವು. ಹಾಡು ಅರ್ಧಕ್ಕ ಬರೋದ್ರಾಗ ಉಸಿರು ಹರೀತು. ಸೂರು ಕಡೀತು. ಸನಾದಿ ಕೆಳಗಿಳಿಸಿ, ಮೊಣಕಾಲಿಗಿ ಕೈ ಊರಿ, ಬಗ್ಗಿ ತೇಕಾಕ ಹತ್ತಿದ.

ಇವ್ರು ಹಾಡು ನಿಲ್ಲಿಸಿ ಅಪ್ಪನ ರಟ್ಟಿ ಹಿಡಕೊಂಡ್ರು. ಅಪ್ಪ ತೇಕುಸಿರಿನಾಗೇ ನಕ್ಕ. ತಲಿ ಎತ್ತಿ, ಎಲ್ಲಾರಿಗೂ ಕೇಳೋ ಹಂಗ, ‘ಇದನ್ನ ಇಷ್ಟು ವರ್ಷ ಹೆಂಗ ಹಿಡಿದ್ರಿ ಅಳಿಯಂದ್ರ?’ ಅಂತ ಕೇಳಿದ.

ಇವ್ರು ಅಪ್ಪನ ಕೈಯಾಗಿನ ಸನಾದಿ ಇಸಗೊಂಡ್ರು. ಆಮ್ಯಾಲ, ‘ಮ್ಯಾಲ ನೀವು ಹಾಡಿನವ್ರೆಲ್ಲಾ ಅಷ್ಟು ಚಂದ ನುಡಸ್ತಿದ್ರಲ್ರಿ ಮಾವಾರ. ಅದನ್ನ ಕೇಳಿಕೊಂತ ಹಿಡಿದೆ’ ಅಂದ್ರು.