ಸುತ್ತಿಗೆ ಅತ್ತಿಗೆಯ ಅರ್ಧ ಇಂಚಿನ ಗೋಡೆ

ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅವಳು ಊಟದ ಮೇಜನ್ನು ಬೋರಲು ಹಾಕಿಕೊಂಡು ಕೂತಿದ್ದಳು. ಅದರ ಒಂದು ಕಾಲು ಎಷ್ಟೋ ವರ್ಷದಿಂದ ಕುಂಟುತ್ತಿತ್ತು. ಮನೆಯವರು ಅದರ ಕೆಳಗೆ ಮಡಿಸಿದ ರಟ್ಟು ಇಟ್ಟು, ರಟ್ಟು ಸವೆದರೆ ಇನ್ನೊಂದು ರಟ್ಟು ಇಟ್ಟು ಕಾಲ ತಳ್ಳುತ್ತಿದ್ದರು. ಹೊಸ ಸೊಸೆ ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ಮೇಜಿನ ಬುಡಕ್ಕೆ ಪೆಟ್ಟು ಹಾಕುತ್ತಿದ್ದುದನ್ನು ಕಂಡ ಮೈದುನ ಬಾಗಿಲಲ್ಲೇ ನಿಂತುಬಿಟ್ಟ.

"ಅಣ್ಣಾ, ಬಾ ಇಲ್ಲಿ. ನಮ್ಮನೆಗೆ ಬಂದಿರೋದು ಅತ್ತಿಗೇನೋ ಸುತ್ತಿಗೇನೋ?"

ಅಂದಿನಿಂದ ಅವಳು ಸುತ್ತಿಗೆ ಅತ್ತಿಗೆ. ಮೊದಲು ಮನೆಯಲ್ಲಿ, ಆಮೇಲೆ ಬೀದಿಯಲ್ಲಿ, ಕೊನೆಗೆ ಹಾರ್ಡ್‌ವೇರ್ ಅಂಗಡಿಯಲ್ಲೂ.

ಅವಳ ಅಪ್ಪ ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದವರು. ಶೆಡ್ಡಿನ ನೆಲದಲ್ಲಿ ಬಿದ್ದ ಸ್ಕ್ರೂಗಳನ್ನು ಅಯಸ್ಕಾಂತದಿಂದ ಹೆಕ್ಕುವುದು ಅವಳ ಬಾಲ್ಯದ ಆಟ. ಆಟ ಯಾವಾಗ ಕೆಲಸವಾಯಿತೋ ಅವಳಿಗೇ ತಿಳಿಯಲಿಲ್ಲ. ಎಂಥ ಸದ್ದಿನಲ್ಲೂ ನಿದ್ದೆ ಮಾಡಬಲ್ಲವಳು, ಬಾಗಿಲಿನ ಕೀಲು ಕಿರುಗುಟ್ಟಿದರೆ ಮಾತ್ರ ಎದ್ದು ಕೂರುತ್ತಿದ್ದಳು.

ಗಂಡನ ಮನೆ ಉದ್ದವಾಗಿ, ಕಿರಿದಾಗಿ ಇತ್ತು. ಸಾಮಾನು ಜಾಸ್ತಿ, ಜಾಗ ಕಮ್ಮಿ. ಅವಳು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಚಪ್ಪಲಿಗಳಿಗೆ ಗೂಡು ಮಾಡಿದಳು. ಹಳೆಯ ಪೆಟ್ಟಿಗೆಗಳಿಗೆ ಚಕ್ರ ಹಾಕಿ ಮಂಚದಡಿಗೆ ತಳ್ಳಿದಳು. ಅಡುಗೆಮನೆಯ ಹಲಗೆಯ ಅಡಿಗೆ ಗಾಜಿನ ಬಾಟಲಿಗಳ ಮುಚ್ಚಳಗಳನ್ನು ಸ್ಕ್ರೂ ಹಾಕಿ ಕೂರಿಸಿದಳು; ಬಾಟಲಿಯನ್ನು ಕೆಳಗಿನಿಂದ ತಿರುಗಿಸಿದರೆ ಮುಚ್ಚಳಕ್ಕೆ ಅಂಟಿಕೊಂಡು ನೇತಾಡುತ್ತಿತ್ತು. "ಈ ಮನೇಲಿ ಇನ್ನು ಮೇಲೆ ಉಪ್ಪು ಬೇಕಂದ್ರೂ ತಲೆ ಎತ್ತಬೇಕು" ಎಂದು ಅತ್ತೆ ಗೊಣಗಿದರು. ಆದರೆ ನೆಂಟರು ಬಂದಾಗ ಮೊದಲು ತೋರಿಸುತ್ತಿದ್ದುದು ಅದನ್ನೇ.

ಕೈಕೆಲಸದಲ್ಲಿ ಒಂದು ಕಷ್ಟವಿದೆ. ಉದ್ದದ ಹಲಗೆಗೆ ಎರಡು ತುದಿ, ಮನುಷ್ಯರಿಗೆ ಎರಡೇ ಕೈ. ಗಂಡ ಕನ್ನಡಕದ ಅಂಗಡಿಯಿಂದ ಬರುವಷ್ಟರಲ್ಲಿ ಸುಸ್ತಾಗಿರುತ್ತಿದ್ದ. ಹಾಗಾಗಿ ಅವಳು ಇನ್ನೊಂದು ತುದಿಯನ್ನು ಕುರ್ಚಿಯ ಬೆನ್ನಿಗೋ ಕಿಟಕಿಯ ಸರಳಿಗೋ ಒಪ್ಪಿಸಿ ಕೆಲಸ ಮಾಡುತ್ತಿದ್ದಳು. ಮೈದುನನ ಮದುವೆಯಾದ ಮೇಲೆ ಆ ತುದಿ ಹಿಡಿಯಲು ಒಬ್ಬಳು ಬಂದಳು.

ಕಿರಿಯ ಸೊಸೆ ಎತ್ತರದ ಹುಡುಗಿ. ಮೊಳೆಗೂ ಸ್ಕ್ರೂಗೂ ವ್ಯತ್ಯಾಸ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಹಲಗೆ ಹಿಡಿದು ನಿಂತರೆ ಕೈ ಅಲುಗುತ್ತಿರಲಿಲ್ಲ, ಬಾಯಿ ನಿಲ್ಲುತ್ತಿರಲಿಲ್ಲ. ಉಕ್ಕುವ ಹಾಲಿಗೆ ಬುದ್ಧಿ ಹೇಳುವಳು, ಕುಕ್ಕರಿಗೆ "ಕೂಗು, ಕೂಗು, ನಿನಗೂ ಅತ್ತೆಯ ಗಂಟಲೇ" ಎನ್ನುವಳು. "ಅಕ್ಕಾ, ನನ್ನನ್ನೂ ಎಲ್ಲಾದ್ರೂ ಒಂದು ಮೂಲೇಲಿ ಸ್ಕ್ರೂ ಹಾಕಿ ಕೂರಿಸಿಬಿಡಿ. ಓಡಾಡಿ ಸಾಕಾಯ್ತು" ಎನ್ನುವಳು. ಸುತ್ತಿಗೆ ಅತ್ತಿಗೆಗೆ ಮಾತು ಕಮ್ಮಿ. ತನಗೂ ಸೇರಿಸಿ ಇನ್ನೊಬ್ಬರು ಮಾತಾಡಿದರೆ ಎಷ್ಟು ಹಗುರ ಎಂದು ಅವಳಿಗೆ ಆಗ ತಿಳಿಯಿತು. ಅಡುಗೆಮನೆಯಲ್ಲಿ ಮೇಲಿನ ಹಲಗೆ ಕಿರಿಯವಳ ಕೈಯಳತೆಗೆ, ಕೆಳಗಿನದು ತನ್ನ ಅಳತೆಗೆ ಇರಲಿ ಎಂದು ಬಿಚ್ಚಿ ಮತ್ತೆ ಕೂರಿಸಿದಳು.

ಅಣ್ಣತಮ್ಮಂದಿರ ಜಗಳದ ಕಾರಣ ಕೇಳಿದರೆ ನಗು ಬರುತ್ತದೆ. ಇಬ್ಬರೂ ಸೇರಿ ನಡೆಸುತ್ತಿದ್ದ ಕನ್ನಡಕದ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಬಳಿಸಬೇಕಿತ್ತು. ಯಾರ ಹೆಸರು ಮೊದಲು ಬರಬೇಕು ಎಂಬಲ್ಲಿ ಶುರುವಾದ ಮಾತು ಎಲ್ಲೆಲ್ಲೋ ಹೋಯಿತು. ಕನ್ನಡಕ ಮಾರುವವರಿಬ್ಬರಿಗೂ ಎದುರಿಗಿದ್ದವರ ಮುಖ ಕಾಣದಾಯಿತು. ತಮ್ಮ ಬೇರೆ ಬೀದಿಯಲ್ಲಿ ಬೇರೆ ಅಂಗಡಿ ತೆರೆದ. ಮನೆಯ ಪಡಸಾಲೆಯ ನಡುವೆಯೂ ಗೋಡೆ ಬರಬೇಕು ಎಂದಾಯಿತು.

"ಮೇಸ್ತ್ರಿಗೆ ಹೇಳಿಕಳಿಸಲಾ?" ಎಂದು ಅತ್ತೆ ಕೇಳಿದರು.

"ಮನೇಲೇ ಇದ್ದಾಳಲ್ಲ ಮೇಸ್ತ್ರಿ" ಎಂದ ಗಂಡ.

ಅವಳು ಇಲ್ಲ ಎನ್ನಬಹುದಿತ್ತು. ಆದರೆ ಕೆಲಸ ಎಂದರೆ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಮರದ ಚೌಕಟ್ಟು ಎಬ್ಬಿಸಿ, ಅರ್ಧ ಇಂಚಿನ ಪ್ಲೈವುಡ್ ಹಾಳೆಗಳನ್ನು ಅದಕ್ಕೆ ಕೂರಿಸುತ್ತಾ ಬಂದಳು. ಆ ಕಡೆಯಿಂದ ಹಾಳೆ ಹಿಡಿದಿದ್ದವಳು ಕಿರಿಯವಳು. ಇಡೀ ಕೆಲಸದಲ್ಲಿ ಅವಳು ಮಾತಾಡಲಿಲ್ಲ. ಕೊನೆಯ ಹಾಳೆ ಏರುವ ಮುಂಚೆ, ಉಳಿದಿದ್ದ ಸಂದಿಯಲ್ಲಿ ಮುಖ ಮಾತ್ರ ಕಾಣುತ್ತಿದ್ದಾಗ ಕೇಳಿದಳು:

"ಇದನ್ನ ಕಟ್ಟೋದಕ್ಕೆ ನಿಮಗೆ ಹೇಗೆ ಮನಸ್ಸು ಬಂತು, ಅಕ್ಕ?"

ಸುತ್ತಿಗೆ ಅತ್ತಿಗೆಯ ಬಾಯಲ್ಲಿ ಸ್ಕ್ರೂಗಳಿದ್ದವು. ತೆಗೆದು ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಹಾಳೆ ಕೂತಿತು. ಸಂದಿ ಮುಚ್ಚಿತು.

ಆಮೇಲೆ ಇಬ್ಬರೂ ಎದುರಾದಾಗ ತಲೆ ತಗ್ಗಿಸಿ ದಾಟಿಹೋಗುವುದು ರೂಢಿಯಾಯಿತು. ಕೇಳಿದ ಪ್ರಶ್ನೆಗೆ ಉತ್ತರ ಸಿಗದವಳು ಮತ್ತೆ ಬೇರೆ ಮಾತು ಹೇಗೆ ತೆಗೆದಾಳು? ಉತ್ತರ ಕೊಡದವಳು ಯಾವ ಮುಖ ಇಟ್ಟುಕೊಂಡು ತೆಗೆದಾಳು?

ಹಳೆಯ ಅಡುಗೆಮನೆ ಈ ಕಡೆಗೆ ಬಂತು. ಕಿರಿಯವಳು ತನ್ನ ಪಾಲಿನ ಅರ್ಧ ಪಡಸಾಲೆಯಲ್ಲೇ, ಆ ಪ್ಲೈವುಡ್ ಗೋಡೆಗೆ ಮೇಜು ಒತ್ತರಿಸಿ ಒಲೆ ಇಟ್ಟುಕೊಂಡಳು. ಸುತ್ತಿಗೆ ಅತ್ತಿಗೆ ಈ ಕಡೆ ಕೂತು ಕೇಳುತ್ತಿದ್ದಳು. ಪಾತ್ರೆಯ ಮೇಲೆ ಪಾತ್ರೆ ಇಡುವ ಸದ್ದು, ಅಡಿಯದು ಬೇಕಾಗಿ ಎಲ್ಲವನ್ನೂ ಎತ್ತಿಡುವ ಸದ್ದು, ಸೌಟು ನೆಲಕ್ಕೆ ಬೀಳುವ ಸದ್ದು. ಅಲ್ಲಿ ಒಂದೇ ಒಂದು ಹಲಗೆ ಇಲ್ಲ ಎಂದು ಅವಳ ಕಿವಿಗೆ ಗೊತ್ತಾಗುತ್ತಿತ್ತು. ಒಲೆಯ ಬಲಕ್ಕೆ ಒಂದು, ಅದರ ಮೇಲೊಂದು ಚಿಕ್ಕದು, ಎತ್ತರದ ಹುಡುಗಿ, ಬಗ್ಗಬಾರದು. ಮನಸ್ಸಿನಲ್ಲೇ ಆ ಕೋಣೆಯನ್ನು ಎಷ್ಟು ಸಲ ಅಳೆದಳೋ. ಆಚೆ ಹೋಗಿ ಅಳೆಯಲು ಹತ್ತು ಹೆಜ್ಜೆಯೂ ಬೇಡ. ಆ ಹೆಜ್ಜೆಗಳೇ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಆ ಗೋಡೆಗೆ ತನ್ನ ಕಡೆಯಿಂದ ಹಲಗೆಯೊಂದನ್ನು ಕೂರಿಸುತ್ತಿದ್ದಳು. ಆಚೆ ಕಿರಿಯವಳು ಫೋನಿನಲ್ಲಿ ತನ್ನ ಅಮ್ಮನ ಜೊತೆ ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಕಿವಿ ಅಲ್ಲಿ, ಕೈ ಇಲ್ಲಿ. ಲಾರಿ ಶೆಡ್ಡಿನಲ್ಲಿ ಬೆಳೆದವಳು ಚಿಕ್ಕ ಹುಡುಗಿಯರೂ ಮಾಡದ ತಪ್ಪು ಮಾಡಿದಳು: ದೊಡ್ಡ ಡಬ್ಬಿಯಿಂದ ನಾಲ್ಕು ಉದ್ದದ ಸ್ಕ್ರೂ ತೆಗೆದು ತಿರುಗಿಸಿದಳು. ನಾಲ್ಕೂ ಒಳಗೆ ಹೋದ ಮೇಲೆ ಹೊಳೆಯಿತು. ಅವುಗಳ ಮೊನೆ ಆ ಕಡೆ ಬಂದಿರಲೇಬೇಕು.

ನಗು ನಿಂತಿತು.

ಸುತ್ತಿಗೆ ಅತ್ತಿಗೆ ಡ್ರಿಲ್ ಹಿಡಿದು ನಿಂತಳು. ಈಗ ಬರುತ್ತಾಳೆ, ಬಾಗಿಲು ತಟ್ಟುತ್ತಾಳೆ, ಬಾಯಿಗೆ ಬಂದಂತೆ ಬೈಯುತ್ತಾಳೆ. ಬರಲಿ. ಜಗಳಕ್ಕಾದರೂ ಬರಲಿ. ಕೂದಲು ಸರಿಮಾಡಿಕೊಂಡಳು ಕೂಡ.

ಯಾರೂ ಬರಲಿಲ್ಲ.

ಸುದ್ದಿ ತಂದವರು ಅತ್ತೆ. ಅವರಿಗೆ ಗೋಡೆ ಲೆಕ್ಕಕ್ಕೇ ಇರಲಿಲ್ಲ. ಮಧ್ಯಾಹ್ನ ಈ ಕಡೆ ಊಟ, ಸಂಜೆ ಆ ಕಡೆ. "ನನಗೇನಮ್ಮ, ಎರಡು ಮನೆ, ಇಬ್ಬರು ಸೊಸೆಯರು, ಎರಡು ಕಡೇನೂ ಉಪ್ಪು ಕಮ್ಮಿ" ಎನ್ನುತ್ತಿದ್ದರು.

"ಅಲ್ಲ ಕಣೇ, ನಿನ್ನ ಮೊಳೆ ಆಚೆ ಬಂದಿದೆ."

"ಸ್ಕ್ರೂ ಅತ್ತೆ. ಏನಂದಳು?"

"ಏನಂತಾಳೆ? ಔಷಧಿ ಬಾಟಲಿ ಬಿರಡೆ ಹುಡುಕಿ ಹುಡುಕಿ ಒಂದೊಂದಕ್ಕೂ ಟೋಪಿ ಹಾಕಿದಾಳೆ. ಒಂದರಲ್ಲಿ ಸೌಟು, ಒಂದರಲ್ಲಿ ಜರಡಿ, ಒಂದರಲ್ಲಿ ಕೈ ಒರೆಸೋ ಬಟ್ಟೆ. ನಾಲ್ಕನೇದು ಖಾಲಿ. ಅದಕ್ಕೆ ನನ್ನನ್ನೇ ನೇತುಹಾಕ್ತಾಳೋ ಏನೋ."

ಸುತ್ತಿಗೆ ಅತ್ತಿಗೆ ನಗಲಿಲ್ಲ. ಎದ್ದು ಹೋಗಿ ಗೋಡೆಯ ಮುಂದೆ ಸುಮ್ಮನೆ ನಿಂತಳು. ಅಂಗೈ ಇಟ್ಟು ನೋಡಿದಳು. ಒಲೆಯ ಶಾಖಕ್ಕೆ ಹಾಳೆ ಬೆಚ್ಚಗಿತ್ತು.

ಮಾರನೆಯ ದಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉದ್ದದ ಬೋಲ್ಟುಗಳನ್ನು ಕೇಳಿದಳು.

"ಅರ್ಧ ಇಂಚಿನ ಪ್ಲೈವುಡ್ಡಿಗೆ ಇಷ್ಟುದ್ದ ಯಾಕೆ ಅತ್ತಿಗೆ?" ಎಂದ ಅಂಗಡಿಯವನು. "ಗೋಡೆಗೆ ಆನೆ ಕಟ್ತೀರಾ?"

"ಕಟ್ಟೋಣ ಅಂತ. ನಿನಗೆ ಗೊತ್ತಿರೋ ಆನೆ ಇದ್ರೆ ಕಳಿಸು."

ಬೋಲ್ಟಿನ ತುದಿ ಚುಚ್ಚುವುದಿಲ್ಲ. ಆ ಕಡೆಯ ತುದಿ ಒಂಚೂರು ಮೇಲಕ್ಕೆ ಎದ್ದಿರುವಂತೆ ಓರೆಯಾಗಿ ತೂತು ಕೊರೆದರೆ ನೇತುಹಾಕಿದ್ದು ಜಾರುವುದೂ ಇಲ್ಲ. ಕಿರಿಯವಳು ನಿಂತರೆ ಅವಳ ಭುಜ ಎಲ್ಲಿಗೆ ಬರುತ್ತದೆ ಎಂದು ತಿಳಿಯಲು ಸುತ್ತಿಗೆ ಅತ್ತಿಗೆಗೆ ಟೇಪು ಬೇಕಾಗಿರಲಿಲ್ಲ. ಆದರೆ ಗಂಡನ ಕಣ್ಣಿಗೆ ಏನಾದರೂ ನೆಪ ಬೇಕಲ್ಲ! ಪ್ರತಿ ಸಾಲು ಬೋಲ್ಟಿಗೂ ಈ ಕಡೆ ಒಂದು ಹಲಗೆ ಹುಟ್ಟಿಕೊಂಡಿತು.

"ಏನೇ ಇದು?" ಎಂದ ಗಂಡ ಒಂದು ಸಂಜೆ. "ಗೋಡೆ ತುಂಬಾ ಹಲಗೆ. ಇಡೋಕೆ ನಮ್ಮ ಹತ್ರ ಏನಿದೆ?"

"ಮುಂದೆ ಬೇಕಾಗುತ್ತೆ."

ಆ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿತ್ತು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಹೀಗೇ ಇರುವಾಗ ಒಂದು ಬೆಳಗ್ಗೆ ಅವಳು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಳು. ಆಚೆಯಿಂದ ಟಕ್ ಟಕ್ ಎಂದಿತು. ಬೆರಳ ಗಂಟಿನ ಸದ್ದು. ಗುರುತಿಗಿಂತ ಒಂದು ಗೇಣು ಎಡಕ್ಕೆ, ಸ್ವಲ್ಪ ಮೇಲೆ. ಅವಳು ಗೋಡೆಗೆ ಕಿವಿ ಒತ್ತಿದಳು. ಮತ್ತೆ ಅಲ್ಲೇ, ಟಕ್ ಟಕ್. ಪೆನ್ಸಿಲು ಅಲ್ಲಿಗೆ ಹೋಯಿತು. ಡ್ರಿಲ್ ತಿರುಗಿತು. ಬೋಲ್ಟು ಆ ಕಡೆ ಹೋದ ಸ್ವಲ್ಪ ಹೊತ್ತಿಗೆ ಅದಕ್ಕೆ ಏನೋ ಭಾರ ಬಿದ್ದದ್ದು ಅವಳ ಬೆರಳಿಗೆ ತಿಳಿಯಿತು. ಬಾಣಲೆ ಇರಬೇಕು ಅಂದುಕೊಂಡಳು.

ಆಮೇಲೆ ಆಗಾಗ ಆ ಸದ್ದು ಬರುತ್ತಿತ್ತು. ಮಾತು ಮಾತ್ರ ಬರಲಿಲ್ಲ. ಒಂದೆರಡು ಸಲ ಸುತ್ತಿಗೆ ಅತ್ತಿಗೆ ಗೋಡೆಗೆ ಬಾಯಿ ಹತ್ತಿರ ತಂದಳು. "ಅವತ್ತು ನೀನು ಕೇಳಿದೆಯಲ್ಲ" ಎಂದು ಶುರುಮಾಡಿದರೆ ಸಾಕಿತ್ತು. ಮುಖ ಹಿಂದಕ್ಕೆ ತೆಗೆದಳು. ಗೋಡೆಗೆ ಹೇಳುವ ಮಾತಲ್ಲ ಅದು, ಮುಖಕ್ಕೆ ಹೇಳಬೇಕಾದದ್ದು.

ಅಷ್ಟರಲ್ಲಿ ಮೈದುನ ತನ್ನ ಅಂಗಡಿಯ ಹತ್ತಿರ ಮನೆ ನೋಡಿದ. ಸಾಮಾನು ಸಾಗಿಸುವ ದಿನ ಸುತ್ತಿಗೆ ಅತ್ತಿಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಬೋಲ್ಟುಗಳ ಮೇಲಿನ ಭಾರ ಒಂದೊಂದಾಗಿ ಇಳಿಯಿತು. ಹೋಗುವ ಮುಂಚೆ ಒಂದು ಸಲ ತಟ್ಟುತ್ತಾಳೆ ಎಂದು ಕಾದಳು. ಹೊರಗೆ ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿತು.

ಅವತ್ತಿನಿಂದ ಮನೆಗೆ ಹೊಸ ಬಗೆಯ ಸದ್ದು ಬಂತು, ಏನೂ ಇಲ್ಲದ ಸದ್ದು. "ಗೋಡೆ ಬಿಚ್ಚಿಬಿಡು, ಪಡಸಾಲೆ ದೊಡ್ಡದಾಗುತ್ತೆ" ಎಂದ ಗಂಡ. "ಸ್ಕ್ರೂ ತುಕ್ಕು ಹಿಡಿದಿದೆ" ಎಂದಳು. ಅವಳು ಹಾಕಿದ ಸ್ಕ್ರೂಗೆ ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಕಿರಿಮಗನ ಮನೆಯಲ್ಲಿ ಇದ್ದು ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಆ ಮನೇಲಿ ಅಡುಗೆ ಸಾಮಾನೆಲ್ಲ ಇನ್ನೂ ಪೆಟ್ಟಿಗೇಲೇ ಕೂತಿದೆ ಕಣೇ. ಚಮಚ ಬೇಕಂದ್ರೆ ತಲೆ ಒಳಗೆ ಹಾಕಿ ಹುಡುಕಬೇಕು. ನನ್ನ ಮಗ ಬಡಗೀನ ಕರಕೊಂಡು ಬಂದ. ಇವಳು ಅವನಿಗೆ ಚಹಾ ಕೊಟ್ಟು ವಾಪಸ್ ಕಳಿಸಿದಳು."

"ಯಾಕಂತೆ?"

"ನಾನೂ ಕೇಳಿದೆ. 'ಇರಲಿ ಅತ್ತೆ, ನೋಡೋಣ' ಅಂತಾಳೆ. ಏನು ನೋಡ್ತಾಳೋ. ಪೆಟ್ಟಿಗೆ ತಾನಾಗಿ ಎದ್ದು ಗೋಡೆ ಹತ್ತುತ್ತಾ?"

ಸುತ್ತಿಗೆ ಅತ್ತಿಗೆ ಅಂದು ಮಧ್ಯಾಹ್ನ ಊಟ ಬಡಿಸುವಾಗ ಒಂದೇ ತಟ್ಟೆಗೆ ಎರಡು ಸಲ ಬಡಿಸಿದಳು. ಮರುದಿನ ಬೆಳಗ್ಗೆ ಚೀಲಕ್ಕೆ ಡ್ರಿಲ್, ಟೇಪು, ಸ್ಕ್ರೂ ಡಬ್ಬಿ ತುಂಬಿಕೊಂಡು, ಎರಡು ಹಲಗೆ ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. ಅಂಗಡಿಗೆ ಹೊರಟಿದ್ದ ಗಂಡ ಚೀಲ ನೋಡಿದ.

"ಎಲ್ಲಿಗೆ?"

"ತಂಗಿ ಮನೆಗೆ. ಹಲಗೆ ಹಾಕಬೇಕು."

ಅವಳಿಗೆ ಒಡಹುಟ್ಟಿದ ತಂಗಿ ಇರಲಿಲ್ಲ. ಅವನು ಬಹಳ ಹೊತ್ತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ.

"ಹೊಸ ಮನೆ. ಪ್ಲಗ್ ಎಲ್ಲೆಲ್ಲಿದೆಯೋ" ಎಂದ ಕೊನೆಗೆ. "ಉದ್ದದ ವೈರು ತಗೊಂಡು ಹೋಗು."

ಬಾಗಿಲು ತೆರೆದ ಕಿರಿಯವಳ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಅವಳು ಚೀಲ ನೋಡಿದಳು, ಮುಖ ನೋಡಿದಳು, ದಾರಿ ಬಿಟ್ಟಳು. ಅಡುಗೆಮನೆಯ ಗೋಡೆ ಬೋಳಾಗಿತ್ತು, ಬೆಳಕು ಚೆನ್ನಾಗಿತ್ತು. ಸುತ್ತಿಗೆ ಅತ್ತಿಗೆ ಟೇಪಿನ ತುದಿ ಎಳೆದಳು. ಇನ್ನೊಬ್ಬಳು ಬಂದು ಅದನ್ನು ಹಿಡಿದುಕೊಂಡಳು. ಅಳತೆ ಮುಗಿಯಿತು. ಇಬ್ಬರೂ ಟೇಪು ಬಿಡಲಿಲ್ಲ.

"ಅವತ್ತು ನೀನು ಕೇಳಿದೆಯಲ್ಲ" ಎಂದಳು ಸುತ್ತಿಗೆ ಅತ್ತಿಗೆ, ಗೋಡೆಯ ಕಡೆಗೇ ನೋಡುತ್ತ. ಆಮೇಲೆ ತಿರುಗಿ ಅವಳ ಮುಖ ನೋಡಿದಳು. "ಮನಸ್ಸು ಬಂದಿರಲಿಲ್ಲ ಕಣೆ. ಬರೀ ಕೈ ಬಂತು."

ಕಿರಿಯವಳು ಹಿಟ್ಟಿನ ಕೈಯ ಹಿಂಭಾಗದಿಂದ ಮೂಗು ಒರೆಸಿಕೊಂಡಳು. ಮೂಗಿಗೂ ಹಿಟ್ಟಾಯಿತು.

"ಅಕ್ಕ, ಇದೆಲ್ಲ ಎಷ್ಟು ಹೊತ್ತಿನ ಕೆಲಸ?"

"ಎರಡೇ ಹಲಗೆ. ಮಧ್ಯಾಹ್ನದೊಳಗೆ ಮುಗಿಸಿಬಿಡ್ತೀನಿ."

"ನಿಧಾನಕ್ಕೆ ಮಾಡಿ" ಎಂದಳು ಕಿರಿಯವಳು. "ಇವತ್ತೇ ಮುಗಿಸಬೇಡಿ."

ಸುತ್ತಿಗೆ ಅತ್ತಿಗೆ ಕೈಯಲ್ಲಿದ್ದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಅಳೆದ ಗೋಡೆಯನ್ನೇ ಮತ್ತೆ ಮೊದಲಿನಿಂದ ಅಳೆಯತೊಡಗಿದಳು.