ಗಾಳಿಗೆ ಎದುರು ಹಾರಿದ ತಗಡು

ಎರಡನೇ ಶನಿವಾರ ಬೆಳಿಗ್ಗೆ ಸಿಂಧನೂರಿನಲ್ಲಿ ಮಸ್ಕಿ ಮೇಲೆ ಹೋಗುವ ಲಿಂಗಸುಗೂರು ಬಸ್ಸು ಹತ್ತಿದೆ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದೆ. ಚೀಲದಲ್ಲಿ ನೀರಿನ ಬಾಟಲಿ, ದಿಕ್ಸೂಚಿ, ಜೊತೆಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನೋಡಿ ನಕ್ಕಿದ್ದ ಒಂದು ರೇಡಾರ್ ಚಿತ್ರದ ಪ್ರಿಂಟು ಇತ್ತು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಹಿಂದಿನ ವಾರ ಬಂಗಾಳಕೊಲ್ಲಿಯ ಚಂಡಮಾರುತವೊಂದು ಆಂಧ್ರ ದಾಟಿ, ಸೊರಗಿ, ನಮ್ಮ ದಕ್ಷಿಣಕ್ಕೆ ಹಾದುಹೋಯಿತು. ಆ ಮಧ್ಯಾಹ್ನ ಮೊಬೈಲಿನಲ್ಲಿ ಹವಾಮಾನ ರೇಡಾರ್ ನೋಡುತ್ತ ಕುಳಿತಿದ್ದೆ. ಮಳೆಹನಿ ರೇಡಾರಿನ ಕಡೆಗೆ ಬರುತ್ತಿದ್ದರೆ ಅದು ಹಸಿರು ತೋರಿಸುತ್ತದೆ, ದೂರ ಸರಿಯುತ್ತಿದ್ದರೆ ಕೆಂಪು. ಮಸ್ಕಿಯ ಈಚೆಗೆ ಆ ಎರಡು ಬಣ್ಣದ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಕಂಡವು. ಪಕ್ಕಪಕ್ಕದಲ್ಲೇ ಗಾಳಿ ಎದುರುಬದುರು ಓಡುತ್ತಿದೆ ಎಂದರೆ ಅದು ಸುತ್ತುತ್ತಿದೆ ಎಂದರ್ಥ. ಚಂಡಮಾರುತದ ಬಲಮಗ್ಗುಲಿನ ಮೋಡಗಳಲ್ಲಿ ಇಂಥ ಸಣ್ಣ ಸುಂಟರಗಾಳಿ ಹುಟ್ಟಿ, ಸ್ವಲ್ಪ ಹೊತ್ತಿನಲ್ಲೇ ಸಾಯುವುದುಂಟು. ಮುಂದಿನ ಚಿತ್ರದಲ್ಲಿ ಚುಕ್ಕೆಗಳು ಇರಲಿಲ್ಲ.

ಪರಿಚಯದ ಹವಾಮಾನ ತಜ್ಞರೊಬ್ಬರಿಗೆ ಬರೆದೆ. ‘ಆ ರೇಡಾರು ನಿಮ್ಮಿಂದ ಬಹಳ ದೂರ. ಅದರ ಅಲೆ ನಿಮ್ಮೂರ ಮೇಲೆ ಹಾಯುವಾಗ ನೆಲದಿಂದ ಕಿಲೋಮೀಟರುಗಟ್ಟಲೆ ಎತ್ತರದಲ್ಲಿರುತ್ತದೆ. ಕೆಳಗೆ ಏನಾಯಿತೆಂದು ಅದಕ್ಕೆ ಗೊತ್ತಾಗದು, ಬಿಟ್ಟುಬಿಡಿ’ ಎಂದು ಉತ್ತರ ಬಂತು. ಮಾತು ಸರಿಯೇ ಇತ್ತು, ಆದರೂ ನನಗೆ ಸಿಟ್ಟು ಬಂತು. ರೇಡಾರಿಗೆ ಕಾಣದಿದ್ದರೆ ಬಸ್ಸಿದೆಯಲ್ಲ, ಹೋಗಿ ನೋಡಿದರಾಯಿತು. ಎಲ್ಲಿಗೆ ಹೋಗುವುದೆಂದು ತಿಳಿದಿದ್ದು ತುರ್ವಿಹಾಳದ ನನ್ನ ಅತ್ತಿಗೆಯ ಫೋನಿನಿಂದ. “ಮಸ್ಕಿ ಹಾದಿಯಾಗ ಹುಲಿಗೆಮ್ಮ ಅಂತ ಒಬ್ಬಾಕಿ ಅದಾಳಂತ. ಆಕಿ ಮನಿ ತಗಡು ಗಾಳಿಗೆ ಎದುರು ಹಾರ್ಯಾವ ಅಂತಾಳಂತ” ಎಂದು ಅವಳು ನಗುತ್ತ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿತ್ತು. ರಸ್ತೆಯ ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ ನೆಲಕಚ್ಚಿತ್ತು, ಆಳುಗಳು ಅದನ್ನು ಎತ್ತಿ ಹಿಡಿಹಿಡಿಯಾಗಿ ಕಟ್ಟಿ ನಿಲ್ಲಿಸುತ್ತಿದ್ದರು. ಯಾವ ಕಡೆಯಿಂದ ಗಾಳಿ ಬಂತೆಂದು ಹೇಳಬೇಕಾದ ಪೈರನ್ನೆಲ್ಲ ಎತ್ತಿ ಕಟ್ಟಿಬಿಟ್ಟರೆ ನಾನು ನೋಡುವುದೇನು?

ಮಸ್ಕಿ ಇನ್ನೂ ದೂರವಿರುವಾಗಲೇ ಅತ್ತಿಗೆ ಹೇಳಿದ್ದ ಹಳ್ಳಿಯಲ್ಲಿ ಇಳಿದೆ. ನಿಲ್ದಾಣದ ಹೊಟೇಲಿನಲ್ಲಿ ಹುಲಿಗೆಮ್ಮನ ಮನೆ ಕೇಳಿದರೆ ಒಬ್ಬ ಕಣ್ಣು ಮಿಟುಕಿಸಿ, “ಉಲ್ಟಾ ಗಾಳಿ ಹುಲಿಗೆಮ್ಮನೇನ್ರಿ?” ಎಂದ. ಉಳಿದವರು ಕಿಸಕ್ಕೆಂದರು.

ಹುಲಿಗೆಮ್ಮ ನಾಲ್ಕು ಗೋಡೆಗಳ ಮೇಲೆ ತಾಡಪತ್ರಿ ಕಟ್ಟಿಕೊಂಡಿದ್ದಳು. ಪಕ್ಕದ ಹೊಲ ಅಮರೇಗೌಡರದು, ಲಿಂಗಸುಗೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಬೇಸಿಗೆಯಲ್ಲಿ ಅವರು ಹೊಲದ ಬದುವಿನ ಮೇಲೆ ಇವಳ ಮನೆಗಿದ್ದ ಕಾಲುದಾರಿಗೆ ಮುಳ್ಳು ಬಡಿಸಿ ಮುಚ್ಚಿದಾಗ ಇವಳು ಜಗಳ ತೆಗೆದಿದ್ದಳು. ಈಗ ಇವಳ ಚಾವಣಿಯ ತಗಡುಗಳು ಅವರ ಭತ್ತದ ನಡುವೆ ಬಿದ್ದಿದ್ದವು. ಮನೆಯಿಂದ ಪೂರ್ವಕ್ಕೆ. ಚಂಡಮಾರುತದ ಆ ದಿನವಿಡೀ ಬೀಸಿದ್ದು ಮಾತ್ರ ಪೂರ್ವದಿಂದ ಬರುವ ಮೂಡಲ ಗಾಳಿ.

“ಗೌಡ್ರು ಹೊಟೇಲ್ ಮುಂದ ನಿಂತು ಅಂದ್ರು. ಹಳೇ ಸಿಟ್ಟಿಗೆ ತಗಡು ಕಿತ್ತು ನನ್ನ ಬೆಳಿಮ್ಯಾಲ ಒಗದಾಳ ಅಂದ್ರು. ಊರಂತ ಊರೇ ಹೌದಂತು” ಎಂದಳು ಹುಲಿಗೆಮ್ಮ. “ನಾ ಒಳಗ ಇದ್ದೆರಿ. ಗವ್ ಅಂತು, ತಗಡು ಮ್ಯಾಲೆದ್ದು ಹೋದ್ವು. ಕಣ್ಣೀಲೆ ನೋಡೀನಿ.”

“ಮತ್ತ ಅವನ್ನ ಎತ್ತಿ ತಂದಿಲ್ಲ ಯಾಕ?”

“ಎತ್ತಿದ್ರ ತಪ್ಪು ಒಪ್ಪಿಕೊಂಡಂಗ ಆಕ್ಕತ್ರಿ. ಆಳು ಎತ್ತಾಕ ಬಂದ್ರ ತಗಡಿನ ಮ್ಯಾಲ ಕುಂತೀನಿ. ಆ ಜಾಗಾ ಒಬ್ರೂ ಮುಟ್ಟಿಲ್ಲ.”

ನಾನು ಅವಳ ಹಿಂದೆ ಕೆಸರಿಗೆ ಇಳಿದೆ. ಗೌಡರ ಹೊಲವನ್ನೆಲ್ಲ ಕಟ್ಟಿ ನಿಲ್ಲಿಸಲಾಗಿತ್ತು, ಅವಳು ಕಾದಿದ್ದ ಆ ತುಂಡೊಂದನ್ನು ಬಿಟ್ಟು. ಅಲ್ಲಿ ಭತ್ತ ಬಿದ್ದ ಹಾಗೆಯೇ ಬಿದ್ದಿತ್ತು. ದಿಕ್ಸೂಚಿ ಇಟ್ಟು ನೋಡಿದೆ. ಉತ್ತರದ ಅಂಚಿನ ತೆನೆಗಳೆಲ್ಲ ಪಶ್ಚಿಮಕ್ಕೆ ತಲೆಹಾಕಿದ್ದವು, ದಕ್ಷಿಣದವು ಪೂರ್ವಕ್ಕೆ. ನಡುವೆ ಹೆಣೆದುಕೊಂಡು ಸಿಕ್ಕಾಗಿತ್ತು. ನೇರ ಬೀಸುವ ಗಾಳಿ ಹೀಗೆ ಮಲಗಿಸುವುದಿಲ್ಲ. ನನ್ನ ಹಸಿರು ಕೆಂಪು ಚುಕ್ಕೆಗಳು ಕಾಲಕೆಳಗೇ ಇದ್ದವು. ಖುಷಿಯ ಅವಸರದಲ್ಲಿ ತೆಗೆದ ಮೊದಲ ಫೋಟೋ ಮಸುಕಾಯಿತು.

“ಇದನ್ನ ಗೌಡ್ರಿಗೆ ತೋರಿಸೋಣ ನಡೀರಿ” ಎಂದೆ. ಹುಲಿಗೆಮ್ಮ ಆಗಲೇ ಸೆರಗು ಕಟ್ಟಿದ್ದಳು.

ಮಸ್ಕಿಯಲ್ಲಿ ಬಸ್ಸು ಬದಲಿಸುವ ಮುನ್ನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದೆವು. ಅಲ್ಲಿಂದ ಲಿಂಗಸುಗೂರಿಗೆ ಮುಕ್ಕಾಲು ತಾಸು ನಿಂತೇ ಹೋದೆವು. ಗೊಬ್ಬರದ ಅಂಗಡಿಯಲ್ಲಿ ಅಮರೇಗೌಡರು ನನಗೆ ಕುರ್ಚಿ ಹಾಕಿಸಿದರು, ಹುಲಿಗೆಮ್ಮನಿಗೆ ಹಾಕಿಸಲಿಲ್ಲ. ನಾನೂ ಕೂರಲಿಲ್ಲ. ರೇಡಾರ್ ಚಿತ್ರ ನೋಡಿ ಅವರು ನಕ್ಕರು. “ಮೋಡದಾಗಿನ ಚಿತ್ರ ತಂದು ನನ್ನ ಹೊಲದ ನ್ಯಾಯ ಮಾಡ್ತೀರೇನ್ರಿ ಮೇಡಮ್ಮಾರ?”

“ಅದನ್ನ ಬಿಡ್ರಿ, ಇದು ನಿಮ್ಮ ಹೊಲದ್ದು” ಎಂದು ಮೊಬೈಲು ಚಾಚಿದೆ. ಫೋಟೋದಲ್ಲಿ ಮಲಗಿದ ಭತ್ತದ ಹಿಂದೆ ಅವರ ಪಂಪ್‌ಸೆಟ್ ಮನೆ ಸ್ಪಷ್ಟವಾಗಿ ಕಾಣುತ್ತಿತ್ತು.

ಅವರು ನೋಡುತ್ತಿರುವಾಗ ಹುಲಿಗೆಮ್ಮ ಮೆಲ್ಲಗೆ ಕೇಳಿದಳು. “ತಗಡು ನಾ ಒಗದೀನಿ ಅಂದ್ರಿ ಗೌಡ್ರ. ನಿಮ್ಮ ಭತ್ತಾನೂ ನಾನ ಮಲಗಿಸೀನೇನ್ರಿ?”

ಗೌಡರು ಹೊಲದ ಆಳಿಗೆ ಫೋನ್ ಹಚ್ಚಿದರು. ಅವನ ದನಿ ನಮಗೂ ಕೇಳಿಸಿತು. “ಹೌದ್ರಿ, ಆಕಿ ಮನಿ ಕಡೀದು ಅರ್ಧ ಹಿಂಗ, ಅರ್ಧ ಹಂಗ ಮಲಗಿತ್ತು. ಕಟ್ಟಾಕ ಭಾಳ ತ್ರಾಸ ಆತ್ರಿ.”

“ಮೊದಲ ಯಾಕ ಹೇಳಲಿಲ್ಲಲೇ?”

“ನೀವು ಕೇಳಲಿಲ್ಲಲ್ರಿ.”

ಗೌಡರು ಫೋನ್ ಇಟ್ಟು, “ಆತು, ತಗಡು ಎತ್ತಿಕೋ. ನಾ ಏನೂ ಅನ್ನಂಗಿಲ್ಲ” ಎಂದರು.

“ಎತ್ತಂಗಿಲ್ರಿ. ಹೊಟೇಲ್ ಮುಂದ ನಿಂತು ಅಂದೀರಿ, ಅಲ್ಲೇ ನಿಂತು ಸುಳ್ಳು ಅನ್ರಿ” ಎಂದು ಹುಲಿಗೆಮ್ಮ ಅಂಗಡಿಯಿಂದ ಇಳಿದಳು.

ವಾಪಸು ಬಸ್ಸಿನಲ್ಲಿ ಆ ತಜ್ಞರಿಗೆ ಫೋಟೋಗಳನ್ನೆಲ್ಲ ಕಳಿಸಿದೆ. ‘ಒಂದು ಹೊಲ ನೋಡಿ ತೀರ್ಮಾನಿಸಲಾಗದು’ ಎಂದು ಉತ್ತರ ಬಂತು. ಹಾಗಾದರೆ ಮುಂದಿನ ರಜೆಗೆ ಅದರಾಚೆಯ ಹೊಲಗಳನ್ನೂ ನೋಡುತ್ತೇನೆ ಎಂದು ಬರೆದೆ.

ಹಳ್ಳಿಯಲ್ಲಿ ಇಳಿದಾಗ ಹೊಟೇಲಿನ ಮುಂದೆ ಗೌಡರ ಬೈಕು ನಮಗಿಂತ ಮೊದಲೇ ಬಂದು ನಿಂತಿತ್ತು. ಅವರು ಚಹಾದ ಗ್ಲಾಸು ನೋಡುತ್ತ, “ತಗಡು ಗಾಳೀನ ಒಗದೈತಿ. ಆಕಿ ಒಗದಿಲ್ಲ” ಎಂದರು.

“ಇನ್ನೊಮ್ಮಿ ಅನ್ರಿ ಗೌಡ್ರ, ಒಳಗ ಕುಂತವ್ರಿಗೆ ಕೇಳ್ಸಿಲ್ಲ” ಎಂದಳು ಹುಲಿಗೆಮ್ಮ.

ಗೌಡರು ಇನ್ನೊಮ್ಮೆ ಅಂದರು, ಈ ಸಲ ತಲೆ ಎತ್ತಿ. ಯಾರೂ ನಗಲಿಲ್ಲ.

ಹುಲಿಗೆಮ್ಮ ಹೊಲದ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಸಿಂಧನೂರು ಬಸ್ಸು ಬಂತು. ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ಹುಲಿಗೆಮ್ಮ ಮೊದಲ ತಗಡನ್ನು ತಲೆಯ ಮೇಲೆ ಹೊತ್ತು ಮನೆಯ ಕಡೆ ನಡೆದಿದ್ದಳು. ರಸ್ತೆ ಸುತ್ತಿ ಅಲ್ಲ, ಗೌಡರು ಬಡಿಸಿದ್ದ ಮುಳ್ಳನ್ನು ಕಾಲಿಂದ ಸರಿಸಿ, ಆ ಬದುವಿನ ಮೇಲೆಯೇ.